ಅತ್ತೆಮ್ಮನ ಮಾತ್ರೆ

ನನ್ನ ಮಗಳು ರತ್ನನ ಮದುವೆ ಆದದ್ದು ಒಂದು ಬೊಚ್ಚುಬಾಯಿ ಬೆಕ್ಕಿನಿಂದ. ನಡೆದ ಸಂಗತಿ ಇಷ್ಟೇ. ದೇವರು ಕಣ್ಣುಬಿಟ್ಟ ಅಂತ ನಮ್ಮ ಯಜಮಾನರು ಹೇಳುತ್ತಿದ್ದರು. ತನ್ನ ಓಡಾಟದಿಂದಲೇ ಆಯಿತು ಅಂತ ನಮ್ಮಣ್ಣ ಸಾಯುವತನಕ ಹೇಳಿಕೊಂಡು ತಿರುಗಿದ. ಇಬ್ಬರದೂ ಸುಳ್ಳು. ಆ ಸಂಬಂಧ ಮುರಿಯಲು ಹೊರಟದ್ದೂ ಬೆಕ್ಕೇ, ಕೂಡಿಸಿದ್ದೂ ಬೆಕ್ಕೇ.

ಮೊನ್ನೆ ಮೊಮ್ಮಗಳು ನನ್ನ ಬಿ.ಪಿ. ಮಾತ್ರೆಯನ್ನು ಅರ್ಧ ಮಾಡಲು ಹೋದಳು. ಚಾಕು ಇಟ್ಟು ಒತ್ತಿದಳು. ಒಂದು ಅರ್ಧ ಟಿ.ವಿ. ಕೆಳಗೆ ಹೋಯಿತು, ಇನ್ನೊಂದು ಅರ್ಧ ಎಲ್ಲಿಗೆ ಹೋಯಿತೋ ಇನ್ನೂ ಸಿಕ್ಕಿಲ್ಲ.

"ಇಷ್ಟು ಚಿಕ್ಕದನ್ನ ಹೆಂಗಜ್ಜಿ ಮುರಿಯೋದು?" ಅಂದಳು.

"ನಾನು ಇದಕ್ಕಿಂತ ಚಿಕ್ಕದನ್ನ ಅಡಿಕೆಕತ್ತರಿಲಿ ಕಾಲು ಭಾಗ ಮಾಡ್ತಿದ್ದೆ ಕಣೆ."

"ಯಾರಿಗೆ?"

"ಅತ್ತೆಮ್ಮಂಗೆ."

"ಓ, ಮುತ್ತಜ್ಜಿಗಾ?"

ನೋಡಿ, ಇಷ್ಟು ವರ್ಷವಾದ ಮೇಲೂ ಅದೇ ತಪ್ಪು. ಅಂದು ಹುಣಸೂರಿನ ಔಷಧಿ ಅಂಗಡಿಯಲ್ಲಿ ಆದ ತಪ್ಪೇ ಇಂದು ನಮ್ಮ ಮನೆಯ ಸೋಫಾದ ಮೇಲೆ ಕೂತು ಕೇಳುತ್ತಿದೆ. ಬಾಯಲ್ಲಿ ಹೇಳಿದರೆ ಮತ್ತೆ ತಪ್ಪಾಗಿಯೇ ಕೇಳಿಸಿಕೊಳ್ಳುತ್ತಾರೆ. ಬರೆದಿಟ್ಟರೆ ತಿರುಗಿ ಓದಬಹುದು.

ನಮ್ಮೂರು ಕಟ್ಟೆಮಳಲವಾಡಿಯ ಪಕ್ಕದ ಸಣ್ಣ ಹಳ್ಳಿ. ಹೊಲದಲ್ಲಿ ಹೊಗೆಸೊಪ್ಪು, ರಾಗಿ. ಹೊಳೆಯ ಕಡೆ ಒಂದಿಷ್ಟು ಭತ್ತ. ಆ ವರ್ಷ ಮನೆಯಲ್ಲಿ ಇಲಿಗಳದೇ ಯಜಮಾನಿಕೆ. ಅಟ್ಟದ ಮೇಲಿನ ರಾಗಿ ಚೀಲ ತೂತು, ಅವರೆಕಾಳಿನ ಮಡಕೆಗೆ ಕಟ್ಟಿದ್ದ ಬಟ್ಟೆ ತೂತು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ರತ್ನನ ಮದುವೆಗೆ ಅಂತ ಟ್ರಂಕಿನಲ್ಲಿಟ್ಟಿದ್ದ ಸೀರೆಯ ಸೆರಗನ್ನೂ ಕಡಿದವು. ಹುಡುಗನೇ ಸಿಕ್ಕಿರಲಿಲ್ಲ ಇನ್ನೂ, ಇಲಿಗಳಿಗೆ ಅವಸರ.

ಬೆಕ್ಕು ತರಲೇಬೇಕು ಅನ್ನಿಸಿತು. ನಮ್ಮಕ್ಕನನ್ನು ಹಂಪಾಪುರಕ್ಕೆ ಕೊಟ್ಟಿತ್ತು. ಅವರ ಮನೆಯ ಬೆಕ್ಕು ವರ್ಷವೆಲ್ಲ ಮರಿ ಹಾಕುವ ಪೈಕಿ ಅಂತ ನೆನಪು. ಒಂದು ಮರಿ ತರೋಣ ಅಂತ ಬುಟ್ಟಿ ಹಿಡಿದು ಹೊರಟೆ.

"ಮರಿ ಎಲ್ಲವ್ವ! ಅದು ಮರಿ ಹಾಕಿ ಯಾವ ಕಾಲಾಯ್ತು" ಅಂದಳು ಅಕ್ಕ. "ತಾಯೇ ಐತೆ. ಕರ್ಕಂಡೋಗು."

ತಾಯನ್ನು ನೋಡಿದೆ. ಕರಿ ಬಿಳಿ ಬಣ್ಣ, ಒಂದು ಕಿವಿ ಹರಿದಿತ್ತು, ಮೈಯಲ್ಲಿ ಮೂಳೆ ಬಿಟ್ಟರೆ ಏನಿಲ್ಲ. ಅಕ್ಕನ ಮೊದಲ ಬಾಣಂತನಕ್ಕೆ ನಾನು ಹೋಗಿದ್ದಾಗಲೇ ಅದು ಆ ಮನೆಯಲ್ಲಿತ್ತು. ಆಗ ಹುಟ್ಟಿದ ಮಗ ಈಗ ಕನ್ನಡಿ ಮುಂದೆ ನಿಂತು ಮೀಸೆ ಕತ್ತರಿಸಿಕೊಳ್ಳುತ್ತಿದ್ದ.

"ಇದರ ಬಾಯಲ್ಲಿ ಹಲ್ಲೇ ಇಲ್ವಲ್ಲಕ್ಕ. ಇಲಿ ಹೆಂಗೆ ಹಿಡೀತದೆ?"

"ಇಲಿಗೇನ್ ಗೊತ್ತು ಅದ್ಕೆ ಹಲ್ಲಿಲ್ಲ ಅಂತ?"

ನಮ್ಮಕ್ಕ ಮಾತಿನಲ್ಲಿ ಯಾವತ್ತೂ ಸೋತವಳಲ್ಲ. ಹೊರಡುವಾಗ ವಾಡಿಕೆಯಂತೆ ನನಗೆ ಮಡಿಲಕ್ಕಿ ತುಂಬಿದಳು: ಅಕ್ಕಿ, ಬೆಲ್ಲದಚ್ಚು, ಎಲೆ ಅಡಿಕೆ, ಕೊಬ್ಬರಿ. ಆಮೇಲೆ ಇನ್ನೊಂದು ಪುಟ್ಟ ಗಂಟು ತಂದು ಬೆಕ್ಕಿನ ಬುಟ್ಟಿಯ ಕಿವಿಗೆ ಕಟ್ಟಿದಳು.

"ಇದೇನಕ್ಕ?"

"ಅದ್ಕೂ ಮಡ್ಲಕ್ಕಿ. ಅದೂ ನಮ್ಮನೆ ಎಣ್ಮಗಳೇ ಅಲ್ವಾ? ಬರಿಗೈಲಿ ಕಳುಸ್ಬಾರ್ದು."

ತಮಾಷೆ ಅಂದುಕೊಂಡು ನಕ್ಕೆ. ಅದು ತಮಾಷೆಯಲ್ಲ ಅಂತ ತಿಳಿದದ್ದು ಬಸ್ಸಿನಲ್ಲಿ.

ಹಂಪಾಪುರದಿಂದ ಕೋಟೆ ಊರಿಗೆ ಬಂದು ಇಳಿದು, ಹುಣಸೂರಿನ ಬಸ್ಸು ಹತ್ತಿದೆ. ಬುಟ್ಟಿ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಬುಟ್ಟಿ ಕುಣಿಯತೊಡಗಿತು. ಮೊದಲು ರಸ್ತೆಯ ಗುಂಡಿ ಅಂದುಕೊಂಡೆ. ಬಸ್ಸು ನಿಂತಾಗಲೂ ಕುಣಿಯಿತು.

"ಏನವ್ವಾ ಬುಟ್ಟಿಲಿ, ಕೋಳಿನಾ?" ಅಂತ ಕಂಡಕ್ಟರು ಬಂದ.

ಮುಚ್ಚಳ ತೆಗೆದೆ. ಬೆಕ್ಕು ಸೆಟೆದುಕೊಂಡು ಬಿದ್ದಿತ್ತು. ನಾಲ್ಕೂ ಕಾಲು ಅಂಬಲಿ ಕಡೆಯುವ ಹಾಗೆ ಆಡುತ್ತಿದ್ದವು. ಬಾಯಲ್ಲಿ ನೊರೆ. ಬಸ್ಸಿನಲ್ಲಿದ್ದವರೆಲ್ಲ ನನ್ನ ಮೇಲೆ ಬಿದ್ದರು.

"ಮೂರ್ಛೆ ಕಣಮ್ಮೋ! ಕೈಗೆ ಕಬ್ಬಿಣ ಕೊಡಿ, ಕಬ್ಬಿಣ!"

"ಅದ್ಕೆ ಕೈ ಎಲ್ಲೈತೆ?"

"ಕಾಲಿಗೇ ಕೊಡಿ!"

ಹಿಂದಿನ ಸೀಟಿನಿಂದ ಒಬ್ಬಾತ ಚೀಲದೊಳಗಿಂದ ಕುಡುಗೋಲನ್ನೇ ತೆಗೆದು ಚಾಚಿದ. "ಮೂರ್ಛೆಲಿ ಸಾಯದೆ ಇದ್ರೆ ಇದ್ರಲ್ಲಿ ಸಾಯ್ತದೆ, ಒಳಗಿಡಯ್ಯ" ಅಂದೆ. ಕೊನೆಗೆ ಯಾರೋ ಪುಣ್ಯಾತ್ಮರು ಬೀಗದ ಕೈ ಕೊಟ್ಟರು. ಬೆಕ್ಕಿನ ಪಾದಕ್ಕೆ ಒತ್ತಿ ಹಿಡಿದೆ. ಕಬ್ಬಿಣದಿಂದ ನಿಂತಿತೋ, ತಾನಾಗಿ ನಿಂತಿತೋ, ಅಂತೂ ನಿಂತಿತು. ಬೆಕ್ಕು ಎದ್ದು ಕೂತು, ತಲೆ ಒದರಿ, ಸುತ್ತ ಬಗ್ಗಿದ್ದ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿತು. ತಪ್ಪೆಲ್ಲ ನಮ್ಮದೇ ಅನ್ನುವ ಹಾಗೆ.

ಆ ನೋಟ ನನಗೆ ಗೊತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾದಾಗ, ಮುದ್ದೆಯಲ್ಲಿ ಗಂಟು ಸಿಕ್ಕಾಗ, ಏನೂ ಆಗದಿದ್ದಾಗಲೂ ನಮ್ಮತ್ತೆ ಹೀಗೇ ನೋಡುತ್ತಿದ್ದರು. ಅವರು ತೀರಿಹೋಗಿ ವರ್ಷಗಳಾಗಿದ್ದವು. "ಅತ್ತೆಮ್ಮ ಬಂದ್ಬುಟ್ಟವ್ಳಲ್ಲಪ್ಪಾ" ಅಂತ ಬಾಯಿಂದ ಬಂತು. ಹೆಸರು ಹಾಗೇ ನಿಂತಿತು.

ಹೆಸರಿಟ್ಟದ್ದೇ ತಪ್ಪು. ನನ್ನ ತವರು ಕೃಷ್ಣರಾಜನಗರದ ಕಡೆ, ನಾಲೆ ಬಯಲು. ಭತ್ತ ಇದ್ದ ಮೇಲೆ ಇಲಿ, ಇಲಿ ಇದ್ದ ಮೇಲೆ ಬೆಕ್ಕು. ನಮ್ಮ ಕಣದಲ್ಲಿ ಯಾವಾಗಲೂ ನಾಲ್ಕಾರು ತಿರುಗುತ್ತಿದ್ದವು. ಒಂದಕ್ಕೂ ನಮ್ಮಪ್ಪ ಹೆಸರಿಡಲು ಬಿಡುತ್ತಿರಲಿಲ್ಲ. "ಎಸ್ರಿಟ್ರೆ ಊಟ ಹಾಕ್ಬೇಕಾಯ್ತದೆ" ಅನ್ನುತ್ತಿದ್ದ. ನಾವು ಮಕ್ಕಳು ಕದ್ದು ಹೆಸರಿಟ್ಟು, ಕದ್ದು ಹಾಲು ಹಾಕಿ, ಕದ್ದು ಏಟು ತಿನ್ನುತ್ತಿದ್ದೆವು. ಏಟು ಮಾತ್ರ ಬಹಿರಂಗ. ಅಪ್ಪನ ಮಾತು ಎಷ್ಟು ಸರಿ ಅಂತ ಗೊತ್ತಾಗಲು ನನಗೆ ಈ ಬೆಕ್ಕು ಬರಬೇಕಾಯಿತು.

ಮನೆಗೆ ಬಂದ ಮೂರೇ ದಿನಕ್ಕೆ ಅದು ಮತ್ತೆ ಬಿತ್ತು. ನಮ್ಮ ಯಜಮಾನರು ಜಗಲಿಯಿಂದ ಬಗ್ಗಿ ನೋಡಿದರು.

"ಇಲಿ ಹಿಡಿಯೋಕೆ ಬೆಕ್ಕು ತಾರಮ್ಮಿ ಅಂದ್ರೆ, ಬೆಕ್ಕಿಗೆ ಆರೈಕೆ ಮಾಡೋಕೆ ತಂದವ್ಳೆ. ನಾಳೆ ವಾಪಸ್ ಬುಟ್ಟು ಬಾ."

"ಮಡ್ಲಕ್ಕಿ ಕಟ್ಟಿ ಕಳ್ಸವ್ಳೆ ಅಕ್ಕ."

"ಅದನ್ನೂ ವಾಪಸ್ ಕೊಡು."

"ನಿನ್ನೆ ಪಾಯಸ ಮಾಡಿದ್ನಲ್ಲ, ಎಲ್ಡು ಸಲ ಹಾಕಿಸ್ಕಂಡ್ರಿ. ಅದೇ ಅದು."

ಮಡಿಲಕ್ಕಿ ಕಟ್ಟಿ ಕಳಿಸಿದ ಹೆಣ್ಣನ್ನು ಯಾರೂ ತಿರುಗಿ ತಂದುಬಿಡುವುದಿಲ್ಲ. ಬಿಟ್ಟರೆ ಎರಡು ಮನೆಗೂ ಮಾನ ಹೋಗುತ್ತದೆ. ನಮ್ಮಕ್ಕನಿಗೆ ಇದೆಲ್ಲ ಗೊತ್ತಿತ್ತು, ಗೊತ್ತಿದ್ದೇ ಕಟ್ಟಿದ್ದಳು. ಬೆಕ್ಕಿಗೆ ಗಾಳಿ ಮೆಟ್ಟಿದೆ ಅಂತ ನಮ್ಮ ಭಾವ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಕಬಿನಿ ಹೊಳೆ ದಾಟಿಸಿ ಬಿಡಲು ಹೊರಟಿದ್ದರಂತೆ. ಅಂಥ ಸಮಯಕ್ಕೆ ಸರಿಯಾಗಿ ನಾನು ಬುಟ್ಟಿ ಹಿಡಿದುಕೊಂಡು ಹೋಗಿದ್ದೆ. ಹಲಸಿನ ಮರದ ಕೆಳಗೆ ನಿಂತವಳ ತಲೆ ಮೇಲೆ ಹಣ್ಣು ಬಿದ್ದ ಹಾಗೆ ಆಯಿತು.

ಇನ್ನೊಂದು ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಬೆಕ್ಕು ನಮ್ಮ ಕೈಯಿಂದ ಸತ್ತರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅನ್ನುತ್ತಾರೆ. ನನ್ನ ಮೈಮೇಲಿದ್ದ ಚಿನ್ನವೆಲ್ಲ ಕರಗಿಸಿದರೂ ಬಾಲವೂ ಆಗುತ್ತಿರಲಿಲ್ಲ. ಹಾಗಾಗಿ ಅದನ್ನು ಬದುಕಿಸುವುದೇ ಅಗ್ಗ ಅಂತ ತೀರ್ಮಾನ ಮಾಡಿದೆ.

ಹುಣಸೂರಿನ ದನದ ಆಸ್ಪತ್ರೆಗೆ ಹೋದೆ. ನನ್ನ ಮುಂದೆ ಒಂದು ಎಮ್ಮೆ, ಹಿಂದೆ ಒಂದು ಜೊತೆ ಎತ್ತು, ಮಧ್ಯೆ ಬುಟ್ಟಿ ಹಿಡಿದುಕೊಂಡು ನಾನು. ಎಮ್ಮೆಯವನು ಮುಚ್ಚಳ ಎತ್ತಿ ನೋಡಿ, "ಬೆಕ್ಕಿಗೂ ಆಸ್ಪತ್ರೆ ಬಂತಾ! ನಮ್ಮಜ್ಜಿನ ಕರ್ಕಂಡ್ ಬರೋಕೆ ನಂಗೆ ಪುರುಸೊತ್ತಿಲ್ಲ" ಅಂದ. ಡಾಕ್ಟರು ಮಾತ್ರ ನಗಲಿಲ್ಲ. ಬಾಯಿ ತೆರೆದು, ಕಣ್ಣಿನ ರೆಪ್ಪೆ ಎತ್ತಿ, ಹೊಟ್ಟೆ ಒತ್ತಿ ನೋಡಿದರು.

"ವಯಸ್ಸಾಗಿದೆ ಕಣಮ್ಮ. ವಾಸಿ ಆಗೋದಲ್ಲ ಇದು, ತಡೆದು ಇಟ್ಕೋಬಹುದು ಅಷ್ಟೆ. ಮನುಷ್ಯರಿಗೆ ಕೊಡೋ ಮಾತ್ರೇನೇ. ಕಾಲು ಭಾಗ ಬೆಳಿಗ್ಗೆ, ಕಾಲು ಭಾಗ ಸಂಜೆ. ಒಂದು ಹೊತ್ತೂ ತಪ್ಪಿಸಬಾರದು. ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ರೆ ಮೊದಲಿಗಿಂತ ಜೋರಾಗಿ ಬರುತ್ತೆ, ಎದ್ದೇಳದೆ ಇರಬಹುದು. ಊಟಾನೂ ಮೆತ್ತಗಿರಲಿ."

ಮೆತ್ತಗಿನ ಊಟ ನನಗೆ ಕಷ್ಟವಲ್ಲ. ಮಾತ್ರೆ ನುಂಗಿಸುವುದೂ ಕಷ್ಟವಲ್ಲ ಅಂದುಕೊಂಡೆ. ನಮ್ಮವ್ವ ನಮಗೆ ಹರಳೆಣ್ಣೆ ಕುಡಿಸುತ್ತಿದ್ದ ಪರಿ ನೋಡಿ ಬೆಳೆದವಳು ನಾನು. ಬೆಳಗಾಗುತ್ತಲೇ ನಮ್ಮನ್ನು ಸಾಲಾಗಿ ಹಿತ್ತಲಲ್ಲಿ ನಿಲ್ಲಿಸುತ್ತಿದ್ದಳು. ಒಬ್ಬೊಬ್ಬರನ್ನೇ ಎರಡು ಮೊಣಕಾಲಿನ ಸಂದಿಯಲ್ಲಿ ಸಿಗಿಸಿ, ಮೂಗು ಹಿಡಿದು, ಒಳಲೆಯ ಮೂತಿಯನ್ನು ಗಂಟಲಿನವರೆಗೆ ಇಳಿಸಿ ಎಣ್ಣೆ ಹೊಯ್ಯುತ್ತಿದ್ದಳು. ಒದ್ದರೂ ಬಿಡುತ್ತಿರಲಿಲ್ಲ. ನನ್ನ ತಮ್ಮ ಒಮ್ಮೆ ಹುಲ್ಲಿನ ಮೆದೆಯೊಳಗೆ ಅಡಗಿದ. ಅಲ್ಲೇ ಎಳೆದು ಅಲ್ಲೇ ಕುಡಿಸಿದಳು. ನಾನೂ ನನ್ನ ಮಕ್ಕಳಿಗೆ ಹಾಗೇ ಕುಡಿಸಿದವಳು. ಅಂಗೈಯಗಲದ ಬೆಕ್ಕು ಯಾವ ಲೆಕ್ಕ?

ಬೆಕ್ಕೇ ಗೆದ್ದಿತು. ಮೊಣಕಾಲಿನ ಸಂದಿಯಲ್ಲಿ ಸಿಗಿಸಿದರೆ ಸೀರೆ ಹರಿಯಿತು. ಮೂಗು ಹಿಡಿದರೆ ಕೈ ಹರಿಯಿತು. ಮುದ್ದೆಯೊಳಗೆ ಮಾತ್ರೆ ಇಟ್ಟು ಕೊಟ್ಟೆ; ಮುದ್ದೆ ಕರಗಿಸಿಕೊಂಡು ಮಾತ್ರೆಯನ್ನು ಶುದ್ಧವಾಗಿ ನನ್ನ ಪಾದದ ಬಳಿ ಉಗುಳಿ, ನಮ್ಮತ್ತೆಯ ನೋಟ ನೋಡಿತು.

ರತ್ನ ಒಲೆ ಮುಂದೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. "ಸರಿ ಅತ್ತಗೆ" ಅಂದಳು. ಹಳೇ ಪಂಚೆಯ ತುಂಡಿನಲ್ಲಿ ಬೆಕ್ಕನ್ನು ಎಳೆಮಗುವಿನ ಹಾಗೆ ಸುತ್ತಿ ಮಡಿಲಲ್ಲಿ ಮಲಗಿಸಿಕೊಂಡಳು. ಬೆರಳ ತುದಿಗೆ ಬೆಣ್ಣೆ, ಬೆಣ್ಣೆಯೊಳಗೆ ಮಾತ್ರೆಯ ಚೂರು. ಬಾಯಿಯ ಪಕ್ಕದ ಸಂದಿಯಿಂದ ನಾಲಿಗೆಯ ಬುಡಕ್ಕೆ ತಳ್ಳಿ, ಬಾಯಿ ಮುಚ್ಚಿ, ಗಂಟಲನ್ನು ಮೇಲಿಂದ ಕೆಳಕ್ಕೆ ಮೆಲ್ಲಗೆ ನೀವಿದಳು. ಬೆಕ್ಕು ಗುಟುಕ್ ಅಂತ ನುಂಗಿ, ಮೂಗು ನೆಕ್ಕಿಕೊಂಡಿತು. ಯಾರು ಹೇಳಿಕೊಟ್ಟರು ಅಂತ ಕೇಳಿದೆ. "ಯಾರೂ ಇಲ್ಲ. ನೀನು ಮಾಡೋದು ನೋಡಿ, ಅದೊಂದು ಬುಟ್ಟು ಬೇರೆ ಏನಾರ ಮಾಡ್ಬೇಕು ಅನ್ನಿಸ್ತು" ಅಂದಳು. ಅಂದಿನಿಂದ ಆ ಕೆಲಸ ಅವಳದಾಯಿತು. ನಾನು ಕತ್ತರಿಸಿ ಕೊಡುವವಳು ಮಾತ್ರ.

ಬೀಳುವುದು ಕಡಿಮೆಯಾಯಿತು. ಬೆಕ್ಕು ಒಂದು ಇಲಿಯನ್ನೂ ಹಿಡಿಯಲಿಲ್ಲ, ಆದರೂ ಇಲಿಗಳು ಹೋದವು. ನಮ್ಮಕ್ಕನ ಮಾತು ನಿಜವೇ ಆಯಿತು. ಅತ್ತೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದರೂ ಸೊಸೆಯರು ಪಾತ್ರೆ ಸದ್ದು ಮಾಡುವುದಿಲ್ಲವಲ್ಲ, ಹಾಗೆ.

ಇನ್ನು ಔಷಧಿ ಅಂಗಡಿಯ ಕಥೆ. ಮಾತ್ರೆ ಮುಗಿದಾಗ ತರಲು ಹೋಗಿದ್ದೆ. ಅಂಗಡಿಯವರು ಮಾತ್ರೆ ಕೈಯಲ್ಲಿ ಹಿಡಿದು, "ಇದು ಯಾರಿಗಮ್ಮ?" ಅಂದರು.

"ನಮ್ಮತ್ತೆಮ್ಮಂಗೆ" ಅಂದೆ. ಮನೆಯಲ್ಲಿ ದಿನಾ ಕರೆಯುವ ಹೆಸರು, ಬಾಯಿಗೆ ಅದೇ ಬಂತು.

"ಮೂರ್ಛೆನಾ?"

"ಊಂ. ಇದ್ದಕ್ಕಿದ್ದಂಗೆ ಬಿದ್ದೋಯ್ತದೆ. ಮಾತ್ರೆ ಕೊಟ್ರೆ ಚೆನ್ನಾಗಿರ್ತದೆ."

ಬೆಂಗಳೂರಿನವರಾಗಿದ್ದರೆ 'ಬಿದ್ದೋಯ್ತದೆ' ಅಂದ ಕೂಡಲೇ ಏನೋ ಪ್ರಾಣಿ ಅಂದುಕೊಳ್ಳುತ್ತಿದ್ದರು. ನಮ್ಮ ಕಡೆ ಹಾಗಲ್ಲ. ಹೆಂಡತಿ ತವರಿಗೆ ಹೋದರೂ 'ಅದು ಊರ್ಗೋಗೈತೆ', ಮಗಳು ಸ್ಕೂಲಿಗೆ ಹೋದರೂ 'ಅದು ಬತ್ತದೆ ಸಂಜೆಗೆ'. ಹೆಂಗಸಿಗೂ ಹಸುವಿಗೂ ಬೆಕ್ಕಿಗೂ ಒಂದೇ 'ಅದು'. ಗಂಡಸರಿಗೆ ಮಾತ್ರ 'ಅವನು'. ಇದರಿಂದ ಯಾರಿಗಾದರೂ ಅನುಕೂಲ ಆಗಿದೆಯೋ ಇಲ್ಲವೋ, ನನಗಂತೂ ಅವತ್ತು ಬೆಂಕಿ ಬಿತ್ತು.

ಯಾಕೆಂದರೆ ನನ್ನ ಹಿಂದೆ ತಲೆನೋವಿನ ಮಾತ್ರೆಗೆ ನಿಂತಿದ್ದವಳು ನಮ್ಮ ಪಕ್ಕದ ಮನೆಯ ಚಿಕ್ಕತಾಯಮ್ಮ. ನಮ್ಮತ್ತೆ ಸತ್ತಾಗ ನನಗಿಂತ ಜೋರಾಗಿ ಅತ್ತವಳು. ಸತ್ತ ಅತ್ತೆಗೆ ಸೊಸೆ ಮೂರ್ಛೆ ಮಾತ್ರೆ ತಗೊಳ್ಳುತ್ತಿದ್ದಾಳೆ ಅಂದರೆ ಏನರ್ಥ? ಮನೆಯಲ್ಲಿ ಬೇರೆ ಯಾರಿಗೋ ಕಾಯಿಲೆ ಇದೆ, ಮುಚ್ಚಿಡುತ್ತಿದ್ದಾಳೆ. ಮುಚ್ಚಿಡುವಂಥದ್ದು ಯಾರ ಕಾಯಿಲೆ? ಮದುವೆಗೆ ಬಂದ ಹುಡುಗಿಯದು. ಚಿಕ್ಕತಾಯಮ್ಮ ಲೆಕ್ಕ ಸರಿಯಾಗಿಯೇ ಹಾಕಿದ್ದಳು. ಮೊದಲ ಸಾಲಿನಲ್ಲಿ ಬೆಕ್ಕು ಬಿಟ್ಟುಹೋಗಿತ್ತು ಅಷ್ಟೆ.

ಅದೇ ಹೊತ್ತಿ‌ಗೆ ನಮ್ಮಣ್ಣ ಪಿರಿಯಾಪಟ್ಟಣದ ಕಡೆಯ ಒಂದು ಸಂಬಂಧ ನೋಡಿದ್ದ. ಒಳ್ಳೆಯ ಮನೆ, ಹುಡುಗ ಕುಡಿಯುವವನಲ್ಲ, ಹೊಲದಲ್ಲಿ ತಾನೇ ಇಳಿದು ದುಡಿಯುವವನು. ರತ್ನನೂ ಅವನನ್ನು ಒಂದು ಮದುವೆ ಮನೆಯಲ್ಲಿ ನೋಡಿದ್ದಳು. ಕೇಳಿದರೆ "ನಿಮ್ಮಿಷ್ಟ" ಅಂದಳು. ಅವಳ "ನಿಮ್ಮಿಷ್ಟ"ದಲ್ಲಿ ಎರಡು ತರ ಇತ್ತು. ಇದು ಒಳ್ಳೆಯ ತರದ್ದು.

ಒಂದು ದಿನ ಅಣ್ಣ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಏನಮ್ಮಿ, ಎಣ್ಣಿಗೆ ಮೂರ್ಛೆ ಐತಂತೆ? ಪಿರಿಯಾಪಟ್ಣದೋರು ಬ್ಯಾಡ ಅಂತಾವ್ರೆ."

"ಯಾವನಣ್ಣ ಅಂದೋನು?"

"ನೀನೇ ಅಂದ್ಯಂತಲ್ಲ, ಅಂಗಡಿಲಿ ನಿಂತ್ಕಂಡು!"

"ನಾನಂದಿದ್ದು ಅತ್ತೆಮ್ಮಂಗೆ!"

"ಅತ್ತೆಮ್ಮನ ತಿಥಿ ಊಟ ನಾನೇ ಉಂಡೋಗಿವ್ನಲ್ಲಮ್ಮಿ!"

ಆಗ ನನಗೆ ಹೊಳೆಯಿತು. ಈ ಕಾಯಿಲೆಯ ಹೆಸರು ಒಂದು ಸಲ ಹುಡುಗಿಗೆ ಅಂಟಿದರೆ, ಪಿರಿಯಾಪಟ್ಟಣ ಹಾಗಿರಲಿ, ಯಾವ ಊರಿನವರೂ ನಮ್ಮ ಬಾಗಿಲು ತುಳಿಯುವುದಿಲ್ಲ. ಬೆಕ್ಕಿಗೆ ಕಣಪ್ಪ ಅಂತ ಮನೆಮನೆಗೆ ಹೋಗಿ ಹೇಳಿದರೆ ಇನ್ನಷ್ಟು ನಗುತ್ತಾರೆ. ಮನುಷ್ಯರು ಬೇಕಾದಷ್ಟು ಸುಳ್ಳು ನಂಬುತ್ತಾರೆ, ಇಂಥ ನಿಜ ಮಾತ್ರ ನಂಬುವುದಿಲ್ಲ.

ಅಣ್ಣ ಮತ್ತೆ ಹೋಗಿ ಕಾಲು ಹಿಡಿದೋ ಕೈ ಹಿಡಿದೋ ಒಪ್ಪಿಸಿದ. ಬಂದು ಕಣ್ಣಾರೆ ನೋಡಿ ಹೋಗುತ್ತೇವೆ ಅಂದರು. ಚಿಕ್ಕತಾಯಮ್ಮನಿಗೂ ಅಷ್ಟರಲ್ಲಿ ಬೆಕ್ಕು ಬಿದ್ದದ್ದನ್ನು ಹಿಂದೆ ನೋಡಿದ್ದು ನೆನಪಾಗಿ, ನಾಚಿಕೆಯಾಗಿ, ಉಪಾಯ ಹೊತ್ತುಕೊಂಡು ಬಂದಳು.

"ಅಕ್ಕಯ್ಯ, ಎಲ್ಡು ದಿವ್ಸ ಮಾತ್ರೆ ನಿಲ್ಸಿಬುಡು. ಅವ್ರು ಬಂದು ಕುಂತಾಗ ಕಣ್ಮುಂದೇನೆ ಬೀಳ್ತದೆ. ನೋಡ್ಕಂಡು ಓಗ್ಲಿ."

ಬುದ್ಧಿಯ ಮಾತು ಅನ್ನಿಸಿತು ನನಗೆ. ಈಗಲೂ ಬುದ್ಧಿಯ ಮಾತೇ ಅನ್ನಿಸುತ್ತದೆ. ರತ್ನ ಒಪ್ಪಲಿಲ್ಲ.

"ನಿಲ್ಸಿದ್ರೆ ಎದ್ದೇಳಲ್ಲ ಅಂತ ಡಾಕ್ಟ್ರು ಅಂದವ್ರೆ ಅಂತ ನೀನೇ ಯೋಳಿದ್ಯಲ್ಲವ್ವ."

"ಅದ್ರ ವಯಸ್ಸಾಯ್ತು ಕಣಮ್ಮಿ. ನಿಂದು ಈಗ ಶುರು."

"ಬೆಕ್ಕು ಬೀಳ್ಸಿ ಆಗೋ ಮದ್ವೆ ನಂಗ್ಬ್ಯಾಡ."

"ಬೀಳ್ಸದೆ ಇದ್ರೆ ಮದ್ವೇನೇ ಇಲ್ಲ!"

"ಇಲ್ದಿದ್ರೆ ಬುಡು."

ಮಾತ್ರೆ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲಿಗೆ ಹೋದಳು. ಆ ಎರಡು ದಿನ ನನ್ನ ಕೈಗೆ ಪೊಟ್ಟಣ ಕೊಡಲಿಲ್ಲ. ಅಡಿಕೆಕತ್ತರಿಯಲ್ಲಿ ಕತ್ತರಿಸುವುದನ್ನೂ ಅವಳೇ ಮಾಡಿಕೊಂಡಳು. ನನ್ನ ಮಗಳಿಗೆ ಹಟ ಎಲ್ಲಿಂದ ಬಂತು ಅಂತ ಊರಿನವರು ಕೇಳುತ್ತಿದ್ದರು. ನಾನು ಗಂಡನ ಮನೆ ಕಡೆ ಬೆರಳು ತೋರಿಸುತ್ತಿದ್ದೆ.

ಅವರು ಬಂದರು. ಹುಡುಗ, ಹುಡುಗನ ತಾಯಿ, ಜೊತೆಗೆ ನಮ್ಮಣ್ಣ. ಹುಡುಗನ ತಾಯಿ ಗಟ್ಟಿ ಆಳು, ಮಾತು ಕಡಿಮೆ, ಕಣ್ಣು ಜಾಸ್ತಿ. ಉಪ್ಪಿಟ್ಟು, ಕಾಫಿ ತಂದಿಟ್ಟೆ. ಮುಟ್ಟಲಿಲ್ಲ. ಹೆಣ್ಣು ನೋಡಲು ಬಂದವರು ಬಾಯಿಗೆ ನೀರು ಹಾಕಲಿಲ್ಲ ಅಂದರೆ ಅರ್ಥ ಏನು ಅಂತ ನಮಗೆಲ್ಲ ಗೊತ್ತು. ರತ್ನ ಹೂ ಮುಡಿದು ಗೋಡೆಗೊರಗಿ ನಿಂತಿದ್ದಳು. ಬೆಕ್ಕು ಗೋಣಿಯ ಮೇಲೆ ಕುಂಭಕರ್ಣನ ಹಾಗೆ ಮಲಗಿತ್ತು.

"ಸುತ್ತಿಬಳಸಿ ಮಾತಾಡೋಕೆ ನಂಗೆ ಬರಲ್ಲ" ಅಂದರು ಹುಡುಗನ ತಾಯಿ. "ಮೂರ್ಛೆ ಯಾರ್ಗೆ?"

"ಬೆಕ್ಕಿಗೆ."

"ಅತ್ತೆಮ್ಮಂಗೆ ಅಂತ ಕೇಳಿದ್ವಿ."

"ಅದ್ರ ಎಸ್ರೇ ಅತ್ತೆಮ್ಮ."

ಅವರು ಮಗನ ಮುಖ ನೋಡಿದರು. "ಯಾರಾದ್ರೂ ಬೆಕ್ಕಿಗೆ ಅತ್ತೆಮ್ಮ ಅಂತ ಎಸ್ರಿಡ್ತಾರಾ?"

"ನಿಮ್ಮತ್ತೆ ಇನ್ನೂ ಬದ್ಕವ್ರಾ?" ಅಂತ ಕೇಳಿದೆ.

"ಅವ್ರೆ."

"ಅಂಗಾರೆ ನಿಮ್ಗೆ ಅರ್ಥ ಆಗ್ಬೇಕಿತ್ತು."

ಅವರ ತುಟಿಯ ತುದಿ ಒಂದು ಚೂರು ಅಲುಗಿತು, ಆದರೆ ಬಿಟ್ಟುಕೊಡಲಿಲ್ಲ. "ಎಲ್ಲಿ, ಈಗ ಬೀಳ್ತದಾ?"

"ಬೀಳಲ್ಲ. ಮಾತ್ರೆ ತಪ್ಸಿಲ್ಲ" ಅಂತ ಗೋಡೆಯ ಕಡೆಯಿಂದ ರತ್ನನೇ ಹೇಳಿದಳು. ಹೆಣ್ಣು ನೋಡಲು ಬಂದವರ ಮುಂದೆ ಹೆಣ್ಣು ಬಾಯಿ ಬಿಡುವ ಪದ್ಧತಿ ಇರಲಿಲ್ಲ. ನಮ್ಮ ಯಜಮಾನರು ಕಣ್ಣು ಮುಚ್ಚಿಕೊಂಡರು. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡರು, ಎದ್ದು ಹೊರಡುವವರ ಹಾಗೆ. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ದನ ಮನೆಗೆ ಬರುವ ಹೊತ್ತಾಯಿತು, ಬೆಕ್ಕಿನ ಸಂಜೆ ಮಾತ್ರೆಯ ಹೊತ್ತು. ರತ್ನ ಯಾರನ್ನೂ ಕೇಳಲಿಲ್ಲ. ಸೊಂಟದಿಂದ ಪೊಟ್ಟಣ ತೆಗೆದಳು, ಒಳಗಿಂದ ಬೆಣ್ಣೆ ತಂದಳು, ಆ ಒಳ್ಳೆಯ ಸೀರೆಯಲ್ಲೇ ನೆಲಕ್ಕೆ ಕೂತು ಬೆಕ್ಕನ್ನು ಪಂಚೆಯಲ್ಲಿ ಸುತ್ತಿ ಮಡಿಲಿಗೆ ತೆಗೆದುಕೊಂಡಳು. ಬೆರಳು ಬಾಯಿಯ ಸಂದಿಗೆ ಹೋಯಿತು, ಬಂತು. ಗಂಟಲು ನೀವಿದಳು. ಗುಟುಕ್.

ಎದ್ದು ನಿಂತಿದ್ದ ಹುಡುಗನ ತಾಯಿ ಹಾಗೇ ಬಗ್ಗಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂತರು.

"ಉಗುಳಲ್ವಾ?"

"ಗಂಟ್ಲು ನೀವಿದ್ರೆ ಉಗುಳೋಕಾಗಲ್ಲ."

"ದವಡೆ ಸಂದಿಲಿ ಇಟ್ಕಂಡು, ಆಮೇಲೆ?"

"ಬೆಣ್ಣೆ ಇರ್ತದಲ್ಲ, ಜಾರೋಯ್ತದೆ."

"ಮನುಷ್ರಿಗೂ ಆಯ್ತದಾ?"

ಆ ತಾಯಿ ನನ್ನ ಕಡೆ ತಿರುಗಿದರು. ಮುಖವೇ ಬೇರೆಯಾಗಿತ್ತು.

"ನಮ್ಮತ್ತೆಗೆ ಎದೆ ಕಾಯ್ಲೆ ಕಣ್ರೀ. ಮೈಸೂರು ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ನುಂಗ್ದೆ ಅಂತಾರೆ, ದವಡೇಲಿಟ್ಕಂಡು ಎಲೆಅಡ್ಕೆ ಜೊತೆ ಉಗ್ದುಬುಡ್ತಾರೆ. ಗೋಡೆ ಬುಡದಲ್ಲಿ ಕೋಳಿ ಕೆದಕ್ದಾಗ ಮಾತ್ರೆ ಸಿಕ್ತವೆ. ನಾನು ಬೇಡಿ, ಬೈದು, ಅತ್ತು, ಎಲ್ಲಾ ಆಯ್ತು." ಮತ್ತೆ ರತ್ನನ ಕಡೆ ನೋಡಿದರು. "ನಮ್ಮನೆಗೆ ಬಂದ್ರೆ ಅವ್ರಿಗೂ ಕೊಡ್ತೀಯೇನಮ್ಮಿ?"

ರತ್ನ ಯೋಚನೆ ಮಾಡಿದಳು. "ಪರಚ್ತಾರಾ?"

"ಪರಚಲ್ಲ. ಬೈತಾರೆ."

"ಬೈದ್ರೆ ಪರ್ವಾಗಿಲ್ಲ."

ಹುಡುಗ ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದವನು ಕಿಸಕ್ಕನೆ ನಕ್ಕುಬಿಟ್ಟ. ಕಾಫಿ ಬಿಸಿ ಮಾಡಿ ತರುತ್ತೇನೆ ಅಂತ ನಾನು ಲೋಟಕ್ಕೆ ಕೈ ಹಾಕಿದೆ. "ಬ್ಯಾಡ, ಆರಿದ್ದೇ ಕೊಡಿ" ಅಂತ ಆ ತಾಯಿ ಕಿತ್ತುಕೊಂಡು ಒಂದೇ ಉಸಿರಿಗೆ ಕುಡಿದರು. ಹೆಣ್ಣು ನೋಡಲು ಬಂದವರು ಕೈ ನೋಡಿ ಒಪ್ಪಿದರು. ಕೂದಲುದ್ದ, ಬಣ್ಣ, ಹಾಡು, ಒಂದೂ ಕೇಳಲಿಲ್ಲ.

ಮಗಳನ್ನು ಮುದುಕಿಯ ಆರೈಕೆಗೆ ಕೊಟ್ಟಳು ಅಂತ ಆಗ ಆಡಿಕೊಂಡವರಿದ್ದರು. ಆಡಿಕೊಳ್ಳಲಿ. ಆ ಮುದುಕಿ ಬೈಯುತ್ತಲೇ ನುಂಗಿ, ಬೈಯುತ್ತಲೇ ರತ್ನನನ್ನು ಹಚ್ಚಿಕೊಂಡು, ಅವಳ ಮಕ್ಕಳನ್ನು ಎತ್ತಿ ಆಡಿಸಿ ಹೋದರು. ಬೀಗಿತ್ತಿಗೂ ನನಗೂ ಇವತ್ತಿಗೂ ಬೇರೆ ಸ್ನೇಹಿತರು ಬೇಕಿಲ್ಲ. ನಮ್ಮ ಬೆಕ್ಕು ರತ್ನನ ಮೊದಲ ಬಾಣಂತನ ನೋಡಿಕೊಂಡು, ಮೂರ್ಛೆಯಿಂದಲ್ಲ, ನಿದ್ದೆಯಲ್ಲೇ ಸತ್ತಿತು. ನುಗ್ಗೆಮರದ ಬುಡದಲ್ಲಿ ಹೂತೆವು. ನಾನು ಅಳಲಿಲ್ಲ. ಆದರೆ ಒಳ್ಳೆಯದು ಮಾಡಿದವರನ್ನು ನೆನೆಯಬೇಕು, ನೆನೆಯುತ್ತೇನೆ. ಮನುಷ್ಯರಾದರೆ ನೆನೆದದ್ದು ಗೊತ್ತಾಗಿ ಕೊಬ್ಬುತ್ತಾರೆ. ಬೆಕ್ಕಿನ ವಿಷಯದಲ್ಲಿ ಆ ತೊಂದರೆಯಿಲ್ಲ.

ಇದೆಲ್ಲ ಆಮೇಲಿನ ಮಾತು. ಆ ಸಂಜೆ ತಾಂಬೂಲ ಬದಲಾಯಿಸಿಕೊಂಡು ಅವರು ಹೊರಟ ಮೇಲೆ ಚಿಕ್ಕತಾಯಮ್ಮ ಬೇಲಿಯಿಂದಲೇ ಕೂಗಿದಳು.

"ಎಣ್ಣು ಒಂಟೋದ್ಮೇಲೆ ನಿಮ್ಮತ್ತೆಮ್ಮಂಗೆ ಯಾರಕ್ಕಯ್ಯ ನುಂಗ್ಸೋರು? ನಿನ್ ಕೈಲಂತೂ ಆಗಕಿಲ್ಲ. ಕೆಲ್ಸ ಆಯ್ತಲ್ಲ, ಇನ್ನು ಒಳೆ ದಾಟಿಸ್ಬುಡು ಅತ್ಲಾಗೆ."

ರತ್ನ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಮಾರನೆಯ ಬೆಳಿಗ್ಗೆ ಹಾಲು ಕರೆದು ಬಂದವಳೇ ಕೈ ತೊಳೆದು, ಒಲೆಯ ಪಕ್ಕ ಕಾಲು ಚಾಚಿ ಕೂತೆ. ರತ್ನನನ್ನು ಕರೆದು, ಬೆಕ್ಕನ್ನು ನನ್ನ ಮಡಿಲಿಗೆ ಹಾಕು ಅಂದೆ. ಪಂಚೆ ಸುತ್ತುವುದನ್ನು ತೋರಿಸಿಕೊಡು ಅಂದೆ. ಮೊದಲನೆಯ ಚೂರು ನನ್ನ ಹೆಬ್ಬೆರಳಿಗೇ ಅಂಟಿತು. ಎರಡನೆಯದು ನೆರಿಗೆಯೊಳಗೆ ಬಿತ್ತು, ಹುಡುಕಿ ತೆಗೆದೆವು. "ಮೂಗು ಹಿಡೀಬ್ಯಾಡವ್ವ, ಅದು ನಿನ್ ಮಗು ಅಲ್ಲ" ಅಂದಳು ರತ್ನ. ಮೂಗು ಬಿಟ್ಟೆ. ಬಾಯಿಯ ಸಂದಿಗೆ ಬೆರಳಿಟ್ಟು ತಳ್ಳಿದೆ, ಬಾಯಿ ಮುಚ್ಚಿದೆ, ಮೇಲಿಂದ ಕೆಳಕ್ಕೆ ಗಂಟಲು ನೀವಿದೆ. ಅದರ ಗಂಟಲು ನನ್ನ ಬೆರಳ ಕೆಳಗೆ ಒಮ್ಮೆ ಮೇಲೆದ್ದು ಇಳಿಯಿತು. ನಂಬಿಕೆ ಬರದೆ ಬಾಯಿ ತೆರೆಸಿ ನೋಡಿದೆ. ನುಂಗಿತ್ತು.